ಅರ್ಜಿಯ ಕೊನೆಯ ಸಾಲು

ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನಮ್ಮೂರಿನ ಅರ್ಜಿಗಳೆಲ್ಲ ನನ್ನ ಕೈಯಿಂದಲೇ ಹೋಗುತ್ತವೆ. ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತಳಾದವಳು ನಾನು, ಊರಿಗೆಲ್ಲ ಈಗಲೂ ಅಕ್ಕೋರು. ಬೀದಿದೀಪ, ಬಸ್ಸು, ಕುಡಿಯುವ ನೀರು ಎಲ್ಲದಕ್ಕೂ ಬರೆದಿದ್ದೇನೆ. ನಾಚಿಕೆಪಡುವಂಥದ್ದು ಬರೆದದ್ದು ಒಂದೇ ಸಲ.

ಅಣ್ಣನ ಕಡಲೆ ರಾಶಿಯಾದ ವಾರ ಅದು. ಎರೆಹೊಲ ಆ ಸಲ ಕೈತುಂಬ ಕೊಟ್ಟಿತ್ತು. ಅವನು ಗುಡಗೇರಿ ಸಂತೆಗೆ ಹೋಗಿ ಕೇಳಿದರೆ ದರ ಅಗದಿ ಕೆಳಗೆ. ಹೊರದೇಶದ ಹಳದಿ ಬಟಾಣಿ ಸುಂಕವಿಲ್ಲದೆ ಬಂದಿಳಿದಿದೆ, ಹಿಟ್ಟಿನ ಗಿರಣಿಯವರೆಲ್ಲ ಕಡಲೆ ಬಿಟ್ಟು ಅದನ್ನೇ ಕೊಳ್ಳುತ್ತಿದ್ದಾರೆ ಎಂದರಂತೆ ವ್ಯಾಪಾರಿಗಳು. ಊರವರು ಸೇರಿ ಅರ್ಜಿ ಕೊಡುವುದೆಂದಾಯಿತು. ನಮ್ಮ ರಾಶಿಯ ಕಾಲಕ್ಕಾದರೂ ಬಟಾಣಿ ತಡೆಯಿರಿ, ತರಿಸುವುದಿದ್ದರೆ ಬಿತ್ತುವ ಮೊದಲೇ ತಿಳಿಸಿರಿ, ಖರೀದಿ ಕೇಂದ್ರವನ್ನು ಬೇಗ ತೆರೆಯಿರಿ ಎಂದು ಒಂದು ಪುಟ ಬರೆದೆ.

ಅಣ್ಣ ಓದಿ ಮೂಗು ಮುರಿದ. "ಖರೇ ಸುದ್ದಿನ ಬಿಟ್ಟಿಯಲ್ಲಬೇ!" ಎಂದು ಫೋನು ಮುಂದೆ ಹಿಡಿದ. ಜಗತ್ತಿನ ಕೆಲವು ಸಿರಿವಂತರು ಒಂದು ಕೋಣೆಯಲ್ಲಿ ಕೂತು ನಮ್ಮ ರೈತರನ್ನು ಮುಗಿಸಲು ತೀರ್ಮಾನಿಸಿದ್ದಾರೆ, ಬಟಾಣಿಗೆ ಔಷಧ ಬೆರೆಸಿದ್ದಾರೆ, ತಿಂದವರಿಗೆ ಮಕ್ಕಳಾಗುವುದಿಲ್ಲ ಎಂದಿತ್ತು ಅದರಲ್ಲಿ.

"ಯಾರ ಹೇಳಿದ್ರು ಇದನ್ನ?"

"ಎಲ್ಲಾರೂ ಕಳಸ್ಯಾರ."

"ಎಲ್ಲಾರಿಗೂ ಯಾರ ಕಳಸಿದ್ರು?"

"ಸಾಲ್ಯಾಗ ಕೇಳಿದಂಗ ಕೇಳಬ್ಯಾಡ. ಹಂಗಾರ ದರ ತಾನ ಬಿತ್ತೇನು? ಯಾರೂ ಕೆಡವಿಲ್ಲೇನು?"

ಬೆವರು ಸುರಿಸಿದವನಿಗೆ 'ಯಾರೂ ಮಾಡಿದ್ದಲ್ಲ' ಎನ್ನುವುದು ಬೈದಂತೆಯೇ. ಫೋನಿನಲ್ಲಿದ್ದ ಆ ಮಾತು ಸೇರಿಸದಿದ್ದರೆ ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದ. ಅವನು ಹಾಕದಿದ್ದರೆ ಊರೂ ಹಾಕುತ್ತಿರಲಿಲ್ಲ. ಸುಳ್ಳೆಂದು ಗೊತ್ತಿದ್ದೂ ಕೊನೆಯ ಸಾಲಾಗಿ ಅದನ್ನು ಬರೆದೆ, ಅದೇ ದುಂಡು ಅಕ್ಷರದಲ್ಲಿ.

ತಾಲೂಕಿನ ಕಚೇರಿಯಲ್ಲಿ ಸಾಹೇಬರ ಕಣ್ಣು ನೇರವಾಗಿ ಬಿದ್ದದ್ದು ಅದರ ಮೇಲೆಯೇ. ಗಟ್ಟಿಯಾಗಿ ಓದಿದರು. ಆಚೀಚೆ ಮೇಜಿನವರೆಲ್ಲ ನಕ್ಕರು. "ಅಕ್ಕೋರ, ಸಾಲ್ಯಾಗ ಇದನ್ನ ಕಲಿಸಿದ್ರೇನ್ರಿ?" ಎಂದು ಕಾಗದ ತಿರುಗಿ ಕೊಟ್ಟರು. ಮೇಲಿನ ಒಂದು ಸಾಲನ್ನೂ ಓದಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಪಕ್ಕದಲ್ಲೇ ನಿಂತಿದ್ದ ಅಣ್ಣನ ಮುಖ ನೋಡುವ ಧೈರ್ಯ ಬರಲಿಲ್ಲ. ಊರಲ್ಲಿ ಅವನ ಮಾತಿಗೆ ಯಾರೂ ನಕ್ಕವರಲ್ಲ.

ಹೊರಗೆ ಮಿರ್ಚಿ ಬಜಿಯ ಗಾಡಿ ಇತ್ತು. ನಮ್ಮ ಕಡೆ ಸಂತೋಷಕ್ಕೂ ಮಿರ್ಚಿ, ಸಂಕಟಕ್ಕೂ ಮಿರ್ಚಿ. ಅಣ್ಣ ಎರಡು ಬಜಿ ತಿಂದಮೇಲೆ ಬಾಯಿಬಿಟ್ಟ. "ಕಡ್ಲಿ ಇಷ್ಟ ಅಗ್ಗ ಆಗೇತಿ, ನಿನ್ನ ಬಜಿ ಮಾತ್ರ ಇಳೀಲಿಲ್ಲಲ್ಲೋ?"

"ಎಲ್ಲೀ ಕಡ್ಲಿರಿ ಕಾಕಾ! ವರ್ಷಾತು, ಹಿಟ್ಟಿನ್ಯಾಗ ಅರ್ಧಾ ಬಟಾಣಿನ. ಗಿರಣ್ಯಾಗ ಹಂಗ ಬರತೈತಿ, ನನಗೂ ಸೋವಿ."

ಅಣ್ಣನ ಕೈ ಬಾಯಿಯ ಹತ್ತಿರವೇ ನಿಂತಿತು. ಅವನ ಸೊಸೆಗೆ ಆಗ ಆರು ತಿಂಗಳು. ಅವಳ ಬಯಕೆಗೆಂದು ಇದೇ ಗಾಡಿಯ ಬಜಿ ಕಟ್ಟಿಸಿಕೊಂಡು ಹೋಗುತ್ತಿದ್ದವನು ಅವನೇ. ನನಗೋ ನಗು ಬರುತ್ತಿತ್ತು, ತಡೆದುಕೊಂಡೆ. ಅವನು ಬಜಿಯನ್ನು ಬಿಡಿಸಿ, ಒಳಗಿನ ಹಳದಿಯನ್ನು ನೋಡಿ, ನಿಧಾನ ತಿಂದು ಮುಗಿಸಿದ.

"ವಿಷಾ ಇಲ್ಲ," ಎಂದ. "ಆದ್ರ ನನ್ನ ಕಡ್ಲಿನೂ ಇಲ್ಲ. ಇದನ್ನ ಬರಿ."

ಗಾಡಿಯ ಬದಿಯ ಬೆಂಚಿನ ಮೇಲೆ ಕೂತು ಕೊನೆಯ ಸಾಲು ಹೊಡೆದು ಹಾಕಿದೆ. ಬರೆಯುತ್ತ ಹೊಳೆಯಿತು: ಇದರಲ್ಲಿ ಬಚ್ಚಿಟ್ಟದ್ದು ಏನೂ ಇರಲಿಲ್ಲ. ಸುಂಕ ತೆಗೆದ ಆದೇಶ ಪೇಪರಿನಲ್ಲೇ ಬಂದಿತ್ತು, ಗಿರಣಿಯವನು ಹಗಲಲ್ಲೇ ಬೀಸಿದ, ಬಜಿಯವನು ಕೇಳಿದರೆ ಹೇಳಿದ. ಕಾಣದ ಕೋಣೆಗೆ ಅರ್ಜಿ ಕೊಡಲು ಬರುವುದಿಲ್ಲ, ಆದೇಶ ಮಾಡಿದವರಿಗೆ ಕೊಡಬಹುದು. ಹೊಡೆದ ಸಾಲಿನ ಬದಿಗೆ ಬರೆದೆ: 'ನಮ್ಮ ಕಡೆಯ ಬಜಿಯಲ್ಲೂ ಈಗ ನಮ್ಮ ಕಡಲೆ ಇಲ್ಲ.'

ತಿರುಗಿ ಒಳಗೆ ಹೋದೆವು. ಸಾಹೇಬರು ಕೈಚಾಚಿದರೂ ಅಣ್ಣ ಕಾಗದ ಕೊಡಲಿಲ್ಲ. ನಿಂತುಕೊಂಡೇ, ತಡವರಿಸುತ್ತ, ಮೊದಲಿಂದ ಓದಿದ. ಈ ಸಲ ಯಾರೂ ನಗಲಿಲ್ಲ.

"ಖರೇ ಐತ್ರಿ," ಎಂದರು ಸಾಹೇಬರು. "ಆದ್ರ ಇದು ದಿಲ್ಲ್ಯಾಗ ಆಗೂ ತೀರ್ಮಾನ. ನಮ್ಮ ಕೈಯಾಗಿಲ್ಲ."

"ಯಾರ ಕೈಯಾಗ ಐತೋ ಅವರ ಹೆಸರ ಮ್ಯಾಲೆ ಬರೀರಿ," ಎಂದ ಅಣ್ಣ, "ಬರದು ಸಿಕ್ಕಾ ಒತ್ರಿ."

ಸಾಹೇಬರು ಪೆನ್ನು ಹುಡುಕತೊಡಗಿದರು. ನನ್ನದನ್ನೇ ಕೊಟ್ಟೆ.