ದಪ್ಪ ಅಕ್ಷರಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ

ಮತ್ತಿಕೆರೆಯ ಬಾಡಿಗೆ ರೂಮೊಂದರಲ್ಲಿ ಪ್ರತಿ ಭಾನುವಾರ ಸೇರಿ ನಾವು ನಾಲ್ಕೈದು ಗೆಳೆಯರು ಒಂದು ಓಪನ್ ಸೋರ್ಸ್ ತಂತ್ರಾಂಶ ಮಾಡಿದ್ದೆವು. ಮೇಷ್ಟ್ರುಗಳು ಪಾಠದ ನೋಟ್ಸನ್ನು ಕನ್ನಡದಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆಯಲಿ ಅಂತ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಬಳಸುತ್ತಿದ್ದವರು ಒಬ್ಬರೇ, ತಣಿಸಂದ್ರದ ಶಾಲೆಯೊಂದರ ವಿಜ್ಞಾನದ ಮೇಡಂ. ತಿದ್ದುವವರು ಅಷ್ಟೂ ಇರಲಿಲ್ಲ.

ಮೇಡಂ ಕೇಳಿದ್ದು ಒಂದೇ: ಬರೆಯುವ ಜಾಗದ ಮೇಲೆ ನಾಲ್ಕು ಗುಂಡಿ ಇಡಿ, ಒತ್ತಿದರೆ ಅಕ್ಷರ ದಪ್ಪ ಆಗಬೇಕು, ಕೆಳಗೆ ಗೆರೆ ಬೀಳಬೇಕು. ಇದಕ್ಕೆ ರಿಚ್ ಟೆಕ್ಸ್ಟ್ ಎಡಿಟರ್ ಅನ್ನುತ್ತಾರೆ. ನಾನು ವಿರೋಧಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡಕ್ಕೂ ಬಹುಮಾನ ಹೊಡೆದವನು ನಾನು. ಪದದ ಆಚೆ ಈಚೆ ನಕ್ಷತ್ರದ ಗುರುತು ಹಾಕಿದರೆ ಅದು ತಾನಾಗೇ ದಪ್ಪ ಆಗುತ್ತದೆ, ಗುಂಡಿ ಕೇಳುವುದು ಸೋಮಾರಿತನ ಎಂದು ಹತ್ತು ನಿಮಿಷ ವಾದಿಸಿ ಗೆದ್ದೆ.

ಮೇಡಂ ನಕ್ಷತ್ರ ಹಾಕಿದರು. ಕಂಪ್ಯೂಟರಿನಲ್ಲಿ ದಪ್ಪವೇ ಕಂಡಿತು. ಪ್ರಿಂಟಿನಲ್ಲಿ ನಕ್ಷತ್ರಗಳೇ ಬಂದವು. ಮಕ್ಕಳು ವಿಧೇಯರು. ಕಿರುಪರೀಕ್ಷೆಯಲ್ಲಿ ಪತ್ರಹರಿತ್ತು ಎಂಬ ಪದದ ಎರಡೂ ಕಡೆ ನಕ್ಷತ್ರ ಬರೆದಿಟ್ಟರು.

"ಹೆಡ್ ಮೇಷ್ಟ್ರು ಇನ್ನೊಂದೇ ಸಲ ಅಂದಿದಾರೆ," ಫೋನಿನಲ್ಲಿ ಮೇಡಂ ಅಂದರು. "ಮುಂದಿನ ಸೋಮವಾರದ ನೋಟ್ಸೂ ಹಿಂಗೇ ಬಂದ್ರೆ ನಿಮ್ಮ ಸಾಫ್ಟ್‌ವೇರ್ ಬಂದ್."

ಈಗ ನಾನೇ ಪರ ಪಕ್ಷ. ಗುಂಡಿಗಳು ಕನ್ನಡದ ಭವಿಷ್ಯಕ್ಕೇ ಅನಿವಾರ್ಯವೆಂದು ಸಾಧಿಸಿ, ಸ್ವಯಂಸೇವಕರಿಗೆ ಆಹ್ವಾನ ಬರೆದು ಊರಿನ ತಂತ್ರಾಂಶ ಆಸಕ್ತರ ಇಮೇಲ್ ಬಳಗಕ್ಕೆ ಹಾಕಿದೆ. ಮೂವತ್ತು ಉತ್ತರ ಬಂದವು. ಎಲ್ಲದರಲ್ಲೂ ಒಂದೇ ಮಾತು: "ಪ್ಲಸ್ ಒನ್." ನನ್ನದೂ ಸಮ್ಮತಿ ಇದೆ ಎಂದರ್ಥ.

"ಮೂವತ್ತು ಜನ ಒಪ್ಪಿದಾರೆ ಮಚ್ಚಾ!" ಅಂದ ರೂಮಿನ ಗೆಳೆಯ.

"ಏನಕ್ಕೆ?"

"ಬೇರೆ ಯಾರಾದ್ರೂ ಮಾಡ್ಲಿ ಅನ್ನೋದಕ್ಕೆ."

ಭಾನುವಾರ ಅವರಲ್ಲಿ ಐದು ಜನ ಬಂದರು. ದಪ್ಪದ ಗುಂಡಿ ಮೊದಲೋ ಗೆರೆಯದ್ದು ಮೊದಲೋ ಎಂದು ಮಧ್ಯಾಹ್ನದವರೆಗೆ ಜಗಳ. ಒಬ್ಬ, ಮೊದಲು ಲೋಗೊ ಬದಲಾಯಿಸೋಣ ಅಂದ. ಅಷ್ಟರಲ್ಲಿ ಮೇಡಂ ಬಂದರು, ಕೈಯಲ್ಲಿ ಜೆರಾಕ್ಸ್ ಕಟ್ಟು. ನಕ್ಷತ್ರಗಳನ್ನೆಲ್ಲ ಅವರೇ ಕಿತ್ತು ಬೋಳು ನೋಟ್ಸ್ ತೆಗೆಸಿದ್ದರು. ತಡವಾಗುವುದು ಗುಣಮಟ್ಟದ ಲಕ್ಷಣ ಹೇಗೆ ಎಂದು ನಾನು ಎದ್ದು ನಿಂತು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಚೆನ್ನಾಗಿ ಮಾತಾಡ್ತೀರಪ್ಪ. ನಾಳೆ ಬೆಳಿಗ್ಗೆ ಮಕ್ಕಳಿಗೆ ಕೊಡ್ಬೇಕು. ಗೆರೆ ಬೀಳುತ್ತೋ ಇಲ್ವೋ?"

"ತಾತ್ವಿಕವಾಗಿ ಬೀಳುತ್ತೆ ಮೇಡಂ."

ಅವರು ಬ್ಯಾಗಿನಿಂದ ಕೆಂಪು ಪೆನ್ನುಗಳ ಡಬ್ಬಿ, ನಾಲ್ಕೈದು ಸ್ಕೇಲು ತೆಗೆದರು. "ಹಂಗಾದ್ರೆ ಕೈಯಲ್ಲೇ ಹಾಕಿ. ಸ್ವಯಂಸೇವಕರು ಅಲ್ವಾ? ಕೂತ್ಕೊಳ್ಳಿ."

ಎಲ್ಲರೂ ಚಾಪೆಯ ಮೇಲೆ ಸಾಲಾಗಿ ಕೂತೆವು. ಲೋಗೊದವನು, "ಮೇಡಂ, ಕಾಂಡಕ್ಕೂ ಗೆರೆ ಬೇಕಾ? ಅದೇನ್ ಅಷ್ಟು ಮುಖ್ಯಾನಾ?" ಎಂದು ಶುರುಮಾಡಿದ.

"ಹಾಕಪ್ಪ."

ಹಾಕಿದ. ನನ್ನ ಗೆರೆ ಪದದ ಮೇಲೆಯೇ ಹರಿದು ಪತ್ರರಂಧ್ರವನ್ನು ಹೊಡೆದುಹಾಕಿತ್ತು. ಅದೂ ಒಂದು ದೃಷ್ಟಿಕೋನ ಎಂದು ಸಮರ್ಥಿಸಲು ಬಾಯಿ ತೆರೆದೆ. ಮೇಡಂ ಆ ಹಾಳೆ ಕಿತ್ತುಕೊಂಡು ಇನ್ನೊಂದು ಕೊಟ್ಟರು.

"ಮಗು ಓದೋದು ಇದನ್ನ. ನಿಧಾನಕ್ಕೆ ಹಾಕಿ."