ಹದಿನೇಳನೇ ನಂಬರಿನ ಮೆಂಬರು

ಚಾಮರಾಜಪೇಟೆಯ ಆ ಕ್ರಾಸಿನಲ್ಲಿ ಗೋದಾ ಮಿಸ್ ನಡೆದು ಬಂದರೆ ಈಗಲೂ ಸ್ಕೂಟರ್ ನಿಲ್ಲಿಸಿ ನಮಸ್ಕಾರ ಹಾಕೋ ಗಂಡಸರಿದ್ದಾರೆ. ಐವತ್ತು ದಾಟಿದವರು, ಹೊಟ್ಟೆ ಬಂದವರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಹೆಂಗಸು. ಒಂದು ಏಟೂ ಹೊಡೆದವರಲ್ಲ, ಕಣ್ಣಲ್ಲೇ ಹೆದರಿಸಿಟ್ಟವರು. ಲೆಕ್ಕ ತಪ್ಪಿದರೆ ಅವರ ಕ್ಲಾಸಿನಲ್ಲಿ ರಬ್ಬರ್ ಮುಟ್ಟೋ ಹಾಗಿರಲಿಲ್ಲ. "ಅಳಿಸಬೇಡ. ಒಂದು ಗೆರೆ ಎಳಿ, ಪಕ್ಕದಲ್ಲಿ ಸರಿಯಾಗಿ ಬರಿ. ಎಲ್ಲಿ ತಪ್ಪಿದೆ ಅಂತ ನನಗೂ ಕಾಣಬೇಕು, ನಿನಗೂ ಕಾಣಬೇಕು" ಅನ್ನೋರು. ಇನ್ನು ಅಪ್ಪನ ಸಹಿ ತಾನೇ ಗೀಚಿಕೊಂಡು ಪ್ರೋಗ್ರೆಸ್ ಕಾರ್ಡ್ ತಂದವನ ಗತಿ ಕೇಳಲೇಬೇಡಿ. ಒಂದು ವಾರ ಕ್ಲಾಸಿನ ಹೊರಗೆ.

ಅವರ ಮನೆಗೆ ಎದುರಿಗೇ ಮಿತ್ರವೃಂದ ಕ್ಲಬ್ಬು. ಮೊದಲು ಅಲ್ಲಿದ್ದದ್ದು ಕೇರಂ ಬೋರ್ಡು, ಶಟಲ್ ಕೋರ್ಟು, ರಮ್ಮಿ, ಕಾಫಿ. ಆಮೇಲೆ ಬಾರ್ ಲೈಸೆನ್ಸ್ ಬಂತು, ಕೋರ್ಟಿದ್ದ ಜಾಗಕ್ಕೆ ಶೀಟು ಹೊದಿಸಿ ಟೇಬಲ್ ಹಾಕಿದರು. ಹೆಂಗಸರಿಗೆ ವರಾಂಡದಿಂದ ಒಳಗೆ ಪ್ರವೇಶವಿಲ್ಲ, ವಾರ್ಷಿಕೋತ್ಸವದ ದಿನ ಮಾತ್ರ ಕರೆದು ಕೋಸಂಬರಿ ಕೊಡ್ತಿದ್ದರು. ದೊಡ್ಡ ಉಪಕಾರ!

ಆ ವರಾಂಡದ ಗೋಡೆಯಲ್ಲಿ, ರಸ್ತೆಗೆ ಕಾಣೋ ಹಾಗೆ, ಒಂದು ಕರೀ ಹಲಗೆ. ಮೊದಲ ನಲವತ್ತು ಮೆಂಬರುಗಳ ಹೆಸರು, ಬಿಳೀ ಪೇಂಟಿನಲ್ಲಿ. ಹದಿನೇಳನೆಯದು ಕೆ. ಎಸ್. ರಾಮಾನುಜ. ಗೋದಾ ಮಿಸ್ ಯಜಮಾನರು, ಟೆಲಿಫೋನ್ ಇಲಾಖೆಯಲ್ಲಿದ್ದವರು. ಹೋಗಿ ಆರು ವರ್ಷ ಆಯಿತು.

ಹದಿಮೂರನೇ ದಿನ ಬಂದು ಊಟ ಮಾಡಿ ಹೋದ ಕ್ಲಬ್ಬಿನವರೇ, ಏಪ್ರಿಲ್ ಬಂದಾಗ ಮಾಮೂಲಿನಂತೆ ಅದೇ ಹೆಸರಿಗೆ ರಿನ್ಯೂವಲ್ ಫಾರಂ ಕಳಿಸಿದರು. ಸಹಿ ಮಾಡಿ ವಾಪಸ್ ಕಳಿಸದಿದ್ದರೆ ಹಲಗೆಯ ಮೇಲಿನ ಹೆಸರಿಗೆ ಕರೀ ಪೇಂಟ್ ಬಳಿದು ನಂಬರನ್ನ ಇನ್ನೊಬ್ಬರಿಗೆ ಕೊಡ್ತಾರೆ ಅನ್ನೋದು ಮಿಸ್‌ಗೆ ಗೊತ್ತಿತ್ತು. ಬೆಳಗ್ಗೆ ಹಾಲಿನ ಬೂತಿಗೆ ಹೋಗುವಾಗ ಆ ಹೆಸರನ್ನ ಒಂದ್ಸಲ ನೋಡಿಕೊಂಡು ಹೋಗೋ ಅಭ್ಯಾಸ ಅವರಿಗೆ. ಎರಡು ದಿನ ಫಾರಂ ಹಾಗೇ ಟೀವಿ ಮೇಲಿತ್ತು. ಮೂರನೇ ದಿನ ಪೆನ್ನು ತೊಗೊಂಡು, 'ಜ' ಅಕ್ಷರಕ್ಕೆ ಉದ್ದ ಬಾಲ ಬಿಟ್ಟು, ಥೇಟ್ ಯಜಮಾನರ ಹಾಗೇ ಸಹಿ ಹಾಕಿಬಿಟ್ಟರು. ಆರು ಏಪ್ರಿಲ್, ಆರು ಸಹಿ. ಮಗಳು ಆರಾಧನಾಗೂ ಹೇಳಲಿಲ್ಲ.

ಹಾಗಂತ ಕ್ಲಬ್ಬಿನ ಮೇಲೆ ಪ್ರೀತಿಯಿತ್ತು ಅಂದ್ಕೋಬೇಡಿ. ಎರಡು ವರ್ಷದಿಂದ ಅದರ ಮೇಲೆ ಅಬಕಾರಿಯವರಿಗೆ ಅರ್ಜಿ ಬರೀತಿದ್ದವರೂ ಅವರೇ. ಸಂಜೆಯಾದರೆ ಗೇಟಿಗೆ ಅಡ್ಡ ಬೈಕು, ಕಾಂಪೌಂಡ್ ಗೋಡೆಗೆ ಉಚ್ಚೆ, ತುಳಸಿ ಕಟ್ಟೆ ಹತ್ತಿರ ಬಿಯರ್ ಬಾಟಲಿ, ಕಿವಿಯಲ್ಲಿ ಕೇಳಲಾಗದ ಬೈಗುಳ. ಮೆಂಬರುಗಳು ಹಾಗೆ ಮಾಡೋರಲ್ಲ, ಎಲ್ಲಾ ಹೊರಗಿನ ಹುಡುಗರು. ಇವರನ್ನೆಲ್ಲಾ ಯಾರು ಒಳಗೆ ಬಿಡ್ತಾರೆ ಅನ್ನೋದೇ ಮಿಸ್‌ಗೆ ಬಗೆಹರಿದಿರಲಿಲ್ಲ.

ಒಂದು ಭಾನುವಾರ ಸಂಜೆ ಆರು ಗಂಟೆಗೆ ಅದೂ ಬಗೆಹರಿಯೋ ಹೊತ್ತು ಬಂತು. ಒಳಗೆ ಶುರುವಾದ ಜಗಳ ರಸ್ತೆಗೆ ಬಂತು. ಗೇಟಿನ ಮುನಿಸ್ವಾಮಿ, ಇಪ್ಪತ್ತಾರು ವರ್ಷದಿಂದ ಅಲ್ಲೇ ಸ್ಟೂಲ್ ಹಾಕಿಕೊಂಡು ಕೂತಿರೋ ಮನುಷ್ಯ, ಬಿಡಿಸೋಕೆ ಹೋದ. ಯಾವನೋ ಬಾಟಲಿ ಬೀಸಿದ. ಮುನಿಸ್ವಾಮಿಯ ಹುಬ್ಬಿನ ಮೇಲೆ ಏಳು ಹೊಲಿಗೆ.

ಮಾರನೇ ದಿನ ಮಿಸ್ ಮನೆ ಬಾಗಿಲಿಗೆ ಒಬ್ಬ ಕಾನ್‌ಸ್ಟೇಬಲ್ ಬಂದ.

"ರಾಮಾನುಜ ಅವರು ಇದ್ದಾರಾ ಅಮ್ಮಾ?"

"ಇದ್ದಾರಲ್ಲ, ಗೋಡೆ ಮೇಲೆ. ಹಾರ ಹಾಕಿದೀನಿ ನೋಡಿ. ಏನಾಗಬೇಕಿತ್ತು?"

ಪಾಪ, ಆತ ತಬ್ಬಿಬ್ಬಾದ. ಹೊಡೆದಾಡಿದ ನಾಲ್ಕು ಜನರನ್ನ ಗೆಸ್ಟ್ ರಿಜಿಸ್ಟರಿನಲ್ಲಿ ಹದಿನೇಳನೇ ಮೆಂಬರ್ ರಾಮಾನುಜರ ಗೆಸ್ಟು ಅಂತ ಬರೆದಿತ್ತು. ಆ ನಾಲ್ಕೇ ಅಲ್ಲ. ಆ ವರ್ಷ ಅವರ ಹೆಸರಲ್ಲಿ ಒಳಗೆ ಹೋಗಿದ್ದವರು ಇನ್ನೂರಕ್ಕೂ ಮೇಲೆ. ಅಲ್ಲಾ ಸ್ವಾಮಿ, ಮನೆಗೆ ಇಬ್ಬರು ನೆಂಟರು ಬಂದರೆ ಪೇಪರ್ ಹಿಡಿದುಕೊಂಡು ರೂಮು ಸೇರಿಕೊಳ್ಳುತ್ತಿದ್ದ ಮನುಷ್ಯ, ಹೋದಮೇಲೆ ಊರಿಗೆಲ್ಲಾ ಬಿಯರ್ ಕುಡಿಸ್ತಿದ್ದರು!

ಮಿಸ್ ಸೀದಾ ಮುನಿಸ್ವಾಮಿಯ ಹತ್ತಿರ ಹೋದರು. ತಲೆಗೆ ಬ್ಯಾಂಡೇಜು ಸುತ್ತಿಕೊಂಡು ಅದೇ ಸ್ಟೂಲಿನ ಮೇಲೆ ಕೂತಿದ್ದ.

"ಯಾಕಪ್ಪಾ ನಮ್ಮನೆಯವರ ಹೆಸರು ಬರೆದೆ?"

"ಬಂದೋರನ್ನೆಲ್ಲಾ ಒಳಗೆ ಬಿಡು, ಯಾವುದಾದ್ರೂ ನಂಬರ್ ಬರ್ಕೋ ಅಂತ ಸೆಕ್ರೆಟರಿ ಹೇಳಿದ್ರಮ್ಮ. ಬೇರೆ ಮೆಂಬರ್ ಹೆಸರು ಬರೆದ್ರೆ ಫೋನ್ ಮಾಡಿ ಬೈತಾರೆ. ನಮ್ಮ ಸಾರ್ ಬಯ್ಯಲ್ವಲ್ಲ." ಮುನಿಸ್ವಾಮಿ ತಲೆ ತಗ್ಗಿಸಿದ. "ಇದ್ದಾಗಲೂ ಒಂದು ದಿನ ಬೈದೋರಲ್ಲ. ತಪ್ಪಾಯ್ತಮ್ಮ."

ಮಿಸ್‌ಗೆ ಸಿಟ್ಟು ಉಕ್ಕಿ ಬಂತು, ಅದರ ಹಿಂದೆಯೇ ಅಳುವೂ ಬಂತು. ರಸ್ತೆ ದಾಟಿ ಮನೆಗೆ ಬಂದರು.

ಪೊಲೀಸರ ವರದಿಯ ಮೇಲೆ ಕ್ಲಬ್ಬಿನ ಲೈಸೆನ್ಸ್ ಮರುಪರಿಶೀಲನೆಗೆ ಬಂತು. ಬುಧವಾರ ಹನ್ನೊಂದಕ್ಕೆ ಅಬಕಾರಿ ಕಚೇರಿಯಲ್ಲಿ ವಿಚಾರಣೆ, ದೂರುದಾರರಾಗಿ ಮಿಸ್ ಹಾಜರಾಗಬೇಕು. ಮಂಗಳವಾರ ಸಂಜೆ ಕ್ಲಬ್ಬಿನ ಸೆಕ್ರೆಟರಿ ವಸಂತ್ ಮನೆಗೆ ಬಂದ. ಅವನೂ ಮಿಸ್ ಹತ್ತಿರ ಎಂಟನೇ ಕ್ಲಾಸಿನಲ್ಲಿ ಕಲಿತವನೇ. ಕೈಯಲ್ಲಿ ಒಂದು ಫೈಲು.

"ಮಿಸ್, ನಮ್ಮ ವಕೀಲರು ಹಳೇ ಫಾರಂಗಳನ್ನ ತೆಗೆಸಿದ್ರು. ಸಾರ್ ಹೋದ್ಮೇಲೂ ಆರು ವರ್ಷ ಸಾರ್ ಸಹಿ ಇದೆ." ಫೈಲನ್ನ ಮೇಜಿನ ಮೇಲಿಟ್ಟ. "ನನ್ನನ್ನ ಒಂದು ವಾರ ಹೊರಗೆ ನಿಲ್ಸಿದ್ರಿ, ಜ್ಞಾಪಕ ಇದೆಯಾ? ಪ್ರೋಗ್ರೆಸ್ ಕಾರ್ಡಿಗೆ."

"ಇದೆ. ಎಂಟು ಬಿ. ಬಂದ ವಿಷಯ ಹೇಳು."

ವಿಷಯ ಇಷ್ಟೇ. ನಾಳೆ ಮಿಸ್ ಹದಿನೇಳನೇ ನಂಬರಿನ ಮಾತೆತ್ತಬಾರದು, ಕ್ಲಬ್ಬಿನವರು ಫಾರಂ ಮಾತೆತ್ತಲ್ಲ. ಗೇಟಿನವನು ತಾನೇ ದುಡ್ಡಿನಾಸೆಗೆ ಕಂಡ ಕಂಡವರನ್ನ ಬಿಟ್ಟುಕೊಂಡ, ಅವನನ್ನ ಕೆಲಸದಿಂದ ತೆಗೆದಿದ್ದೀವಿ ಅಂತ ಬರೆದುಕೊಟ್ಟರೆ ಲೈಸೆನ್ಸ್ ಉಳಿಯುತ್ತೆ. ಹಲಗೆ ಮೇಲೆ ಸಾರ್ ಹೆಸರೂ ಉಳಿಯುತ್ತೆ.

"ಮುನಿಸ್ವಾಮಿ ಗತಿ?"

"ಏನಾದ್ರೂ ಮಾಡೋಣ ಮಿಸ್."

ಅವನು ಹೋದಮೇಲೆ ಆರಾಧನಾ ಎಲ್ಲಾ ಕೇಳಿ ತಿಳಿದುಕೊಂಡು, "ಸುಮ್ನಿದ್ಬಿಡಮ್ಮ, ಕೇಸು ಗೀಸು ಅಂತಾದ್ರೆ ಈ ವಯಸ್ಸಿನಲ್ಲಿ" ಅಂದಳು. ಮಿಸ್ ಸಾರಿಗೆ ಒಗ್ಗರಣೆ ಹಾಕಿದರು. ಅವತ್ತಿನ ಸಾರಿಗೆ ಉಪ್ಪೇ ಇರಲಿಲ್ಲ. ಬೆಳಗ್ಗೆ ಹಾಲು ತರುವಾಗ ಹಲಗೆಯ ಮುಂದೆ ತುಂಬಾ ಹೊತ್ತು ನಿಂತರು. ಆ ಹೆಸರು ಅಳಿಸಿಹೋದರೆ ತಡಕೊಳ್ಳೋಕೆ ಆಗುತ್ತೋ ಇಲ್ಲವೋ ಅವರಿಗೇ ಗೊತ್ತಿರಲಿಲ್ಲ.

ವಿಚಾರಣೆಯಲ್ಲಿ ಅಧಿಕಾರಿ ಮೊದಲು ಕರೆದದ್ದು ಮುನಿಸ್ವಾಮಿಯನ್ನ. "ಇವರನ್ನ ಯಾರ ಗೆಸ್ಟು ಅಂತ ಒಳಗೆ ಬಿಟ್ಟೆ?"

ಮುನಿಸ್ವಾಮಿ ವಸಂತನನ್ನ ನೋಡಲಿಲ್ಲ, ಮಿಸ್ ಕಡೆ ನೋಡಿದ. ಫಾರಂ ವಿಷಯ ಅವನ ಕಿವಿಗೂ ಬಿದ್ದಿತ್ತು. ಕೈ ಮುಗಿದು, "ನಂದೇ ತಪ್ಪು ಸಾರ್, ನಾನೇ ಬಿಟ್ಕೊಂಡೆ" ಅಂದ.

"ಸುಳ್ಳು!" ಮಿಸ್ ಎದ್ದು ನಿಂತಿದ್ದರು. ಮೂವತ್ತೆರಡು ವರ್ಷದ ದನಿ ಅದು, ಟೈಪ್ ಮಾಡ್ತಿದ್ದವನು ಕೂಡ ಕೈ ನಿಲ್ಲಿಸಿದ. "ಸ್ವಾಮಿ, ಅವನ ಮೇಲೆ ಹಾಕಬೇಡಿ. ಯಾವುದಾದರೂ ನಂಬರ್ ಬರಿ ಅಂತ ಹೇಳಿದ್ದು ಕ್ಲಬ್ಬು. ಆ ನಂಬರ್ ಇಟ್ಟುಕೊಂಡಿದ್ದು ನಾನು. ನಮ್ಮನೆಯವರು ಹೋಗಿ ಆರು ವರ್ಷ ಆಯ್ತು, ಅವರ ಸಹಿ ಹಾಕಿದ್ದು ನಾನೇ. ಹೆಸರು ಅಲ್ಲೇ ಇರಲಿ ಅಂತ ಆಸೆ ಇತ್ತು. ಇದೇ ಕೆಲಸ ಮಾಡಿದ ಹುಡುಗರನ್ನ ಕ್ಲಾಸಿಂದ ಆಚೆ ಹಾಕಿದ್ದೆ ನಾನು. ನನಗೆ ಏನು ಮಾಡ್ತೀರೋ ಮಾಡಿ." ಹೇಳಿ ಮುಗಿಸಿದರೂ ಕೂರಲಿಲ್ಲ.

ವಸಂತ ನೆಲ ನೋಡುತ್ತಿದ್ದ. ಅಧಿಕಾರಿ ಕೇಳಿದಾಗ, ಹೌದು, ನಾನೇ ಹೇಳಿ ಬರೆಸ್ತಿದ್ದೆ ಅಂತ ಒಪ್ಪಿಕೊಂಡ.

ಆದೇಶ ಎರಡು ವಾರಕ್ಕೆ ಬಂತು. ಮೂರು ತಿಂಗಳು ಬಾರ್ ಬಂದ್. ಆಮೇಲೆ ತೆರೆದರೂ ಗೆಸ್ಟ್ ಜೊತೆ ಮೆಂಬರು ಖುದ್ದಾಗಿ ಬರಬೇಕು. ತೀರಿಕೊಂಡವರ ಹೆಸರು ಪಟ್ಟಿಯಿಂದ ತೆಗೆಯಬೇಕು. ಸುಳ್ಳು ಸಹಿ ಹಾಕಿದ್ದಕ್ಕೆ ದೂರುದಾರರಿಗೆ ಎಚ್ಚರಿಕೆ. ಕ್ಲಬ್ಬಿನಲ್ಲಿ ಇಸ್ಪೀಟು, ಕೇರಂ ನಡೀತಿತ್ತು, ಮುನಿಸ್ವಾಮಿಯ ಸ್ಟೂಲೂ ಉಳೀತು.

ಪೇಂಟರ್ ಬಂದ ದಿನ ಮಿಸ್ ತಮ್ಮ ಗೇಟಲ್ಲಿ ನಿಂತು ನೋಡಿದರು. ಎರಡು ಸಲ ಬ್ರಶ್ ಆಡಿಸಿದ, ಮುಗೀತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಜೋರಾಗಿ ಅತ್ತರು. ಆರು ವರ್ಷದ ಹಿಂದೆ ಮನೆ ತುಂಬಾ ಜನ ಇದ್ದಾಗ ಹೀಗೆ ಅಳೋಕೆ ಆಗಿರಲಿಲ್ಲ.

ಅಷ್ಟಕ್ಕೇ ಬಿಟ್ಟರೆ ಅವರು ಗೋದಾ ಮಿಸ್ ಹೇಗಾದಾರು! ಅರ್ಜಿ ಬರೆಯೋಕೆ ಅಂತ ಕ್ಲಬ್ಬಿನ ಬೈಲಾ ಪೂರ್ತಿ ಓದಿದ್ದರು. ಮೆಂಬರು ತೀರಿಕೊಂಡರೆ ಆ ನಂಬರನ್ನ ಪತ್ನಿ ಕೇಳಬಹುದು ಅಂತ ಒಂದು ಸಾಲಿತ್ತು. ಯಾರೂ ಇದುವರೆಗೆ ಕೇಳಿರಲಿಲ್ಲ, ಅಷ್ಟೆ. ಸೋಮವಾರ ಬೆಳಗ್ಗೆ ಹತ್ತಕ್ಕೆ ರಸ್ತೆ ದಾಟಿದರು. ಮುನಿಸ್ವಾಮಿ ಎದ್ದು ನಿಂತು, ಅಭ್ಯಾಸಬಲದಿಂದ ರಿಜಿಸ್ಟರ್ ಕೈಗೆತ್ತಿಕೊಂಡ.

"ಅದು ಬೇಡಪ್ಪ. ನಾನು ಗೆಸ್ಟ್ ಅಲ್ಲ."

ವರಾಂಡ ದಾಟಿ ಸೀದಾ ಆಫೀಸ್ ರೂಮಿಗೆ ಹೋಗಿ ಕೂತರು. ವಸಂತ ಬೈಲಾ ಎರಡು ಸಲ ಓದಿ, ಫಾರಂ ಮುಂದಿಟ್ಟ. ಮಿಸ್ ಕನ್ನಡಕ ಹಾಕಿಕೊಂಡು ಎಲ್ಲಾ ತುಂಬಿದರು. ಕೊನೆಯಲ್ಲಿ ಸಹಿಯ ಜಾಗಕ್ಕೆ ಪೆನ್ನು ಇಟ್ಟರು. ಕೈ ತಾನಾಗಿ 'ಕೆ. ಎಸ್. ರಾ' ಅಂತ ಬರೆದುಬಿಟ್ಟಿತ್ತು.

ಇಬ್ಬರೂ ಅದನ್ನೇ ನೋಡಿದರು.

"ಬೇರೆ ಫಾರಂ ಕೊಡ್ತೀನಿ ಮಿಸ್" ಅಂದ ವಸಂತ, ಮೆತ್ತಗೆ.

"ಬೇಡ ಕಣೋ" ಅಂದರು. ಅದರ ಮೇಲೆ ನೀಟಾಗಿ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಗೋದಾ' ಅಂತ ಬರೆದರು.