ಕಪಾಟು ಮಾವನ ಸುಮ್ಮನಿರುವ ವಿದ್ಯೆ

ಹಳೇ ಮೇಜು, ಕುರ್ಚಿ, ಕಪಾಟು ಕೊಂಡು, ರಿಪೇರಿ ಮಾಡಿ ಮಾರುತ್ತಿದ್ದ ಅಂಗಡಿಯವನನ್ನು ಬೀದಿಯವರೆಲ್ಲ ಕಪಾಟು ಮಾವ ಎನ್ನುತ್ತಿದ್ದರು. ಚೌಕಾಸಿಯಲ್ಲಿ ಎತ್ತಿದ ಕೈ. ಹಾಗಂತ ಬಾಯಿ ಮಾಡುವವನಲ್ಲ, ಅದೇ ಅವನ ಕಿತಾಪತಿ. ಮಾರಲು ಬಂದವರು ಬೆಲೆ ಹೇಳಿದೊಡನೆ ಡ್ರಾಯರು ಎಳೆದು ನೋಡುತ್ತ ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತಿದ್ದ. ಎಂಟಕ್ಕೋ ಹತ್ತಕ್ಕೋ ಎದುರಿನವರಿಗೆ ಚಡಪಡಿಕೆ ಶುರು. "ಹೋಗ್ಲಿ, ಇನ್ನೂರು ಕಮ್ಮಿ ಕೊಡಿ" ಎಂದು ಅವರೇ ಇಳಿಯುತ್ತಿದ್ದರು. ಪಾಪ, ಇಳಿಯಿರಿ ಅಂತ ಕೇಳಿದವರಾದರೂ ಯಾರು!

ಈಚೆಗೆ ಮಂಡಿ ಕೈಕೊಟ್ಟಿತ್ತು. ಕಪಾಟು ಎತ್ತುವುದಿರಲಿ, ಎದ್ದು ನಿಲ್ಲುವುದೇ ಸಾಹಸ. ಮಗಳು ಬಂದು ಅಂಗಡಿ ನೋಡಿಕೊಂಡರೆ ಸಾಕು ಎಂಬುದೊಂದೇ ಆಸೆ. ಇಲ್ಲವಾದರೆ ತಿಂಗಳ ಕೊನೆಗೆ ಬಾಗಿಲು ಹಾಕುವುದೇ. ಬಡಗಿ ಕೆಲಸ ಕಲಿತ ಅವಳು ಬೇರೆ ಕಡೆ ವರ್ಕ್‌ಶಾಪಿನಲ್ಲಿದ್ದಳು. ಬಾ ಎಂದು ಬಾಯಿಬಿಟ್ಟು ಕೇಳಿದನೇ? ಊಹೂಂ. ಗರಜು ತೋರಿಸಿದರೆ ಬೆಲೆ ಏರಿಬಿಡುತ್ತದಲ್ಲ!

ಒಂದು ಬೆಳಿಗ್ಗೆ ಅವಳೇ ಬಂದಳು.

"ಅಪ್ಪಾ, ಆ ಕೆಲಸ ಬಿಟ್ಟು ಇಲ್ಲಿಗೇ ಬರ್ತೀನಿ. ಆದ್ರೆ ಪ್ರತಿ ಸಾಮಾನಿಗೂ ಒಂದೇ ರೇಟು ಬರೆದು ಅಂಟಿಸ್ಬೇಕು. ಈ ಚೌಕಾಸಿ ನನ್ನ ಕೈಲಾಗಲ್ಲ."

ಮಾವನಿಗೆ ಹೇಳಲಾರದಷ್ಟು ಖುಷಿಯಾಯಿತು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಹಾಳಾದ ಅಭ್ಯಾಸ ಬಿಡಬೇಕಲ್ಲ! ಮೊದಲು ಹೇಳಿದ್ದಕ್ಕೇ ಒಪ್ಪಿಕೊಳ್ಳುವುದುಂಟೇ? ಪಕ್ಕದ ಕುರ್ಚಿಯ ಕಾಲು ಅಲ್ಲಾಡಿಸಿ ನೋಡುತ್ತ ಎಣಿಸತೊಡಗಿದ.

"ಸರಿ, ದೊಡ್ಡ ಸಾಮಾನಿಗೆ ಮಾತ್ರ ಅಂಟಿಸೋಣ" ಎಂದಳು.

ಅವನ ಎಣಿಕೆ ಹದಿಮೂರಕ್ಕೆ ಬಂದಿತ್ತು. ಇನ್ನೊಂಚೂರು ಇಳಿಯುತ್ತಾಳೆ ಅನ್ನಿಸಿತು.

"ಗೊತ್ತಾಯ್ತು ಬಿಡಪ್ಪ. ನಾನು ಬರೋದು ನಿನಗೆ ಬೇಕಾಗಿಲ್ಲ. ಇನ್ನು ಕೇಳಲ್ಲ." ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟಳು.

ಮಾವನ ಜೀವ ಬಾಯಿಗೆ ಬಂತು. ಚಪ್ಪಲಿ ಕೂಡ ಮೆಟ್ಟದೆ ಕುಂಟುತ್ತ ಓಡಿದ. ಬಸ್ ಸ್ಟಾಪಿನಲ್ಲಿ ಅವಳ ಕೈ ಹಿಡಿದು, "ಒಪ್ಪಿದೆ ಕಣೇ! ಎಲ್ಲಾದಕ್ಕೂ ಅಂಟಿಸು. ನೀನು ಹೇಳಿದ ಹಾಗೇ ಆಗ್ಲಿ" ಎಂದ. ಕಣ್ಣು ತುಂಬಿತ್ತು.

ಮಗಳು ಅವನ ಮುಖವನ್ನೇ ನೋಡಿದಳು. "ಎದ್ದು ಹೋದ ಗಿರಾಕಿಗಳ ಹಿಂದೆಯೂ ನೀನು ಹೀಗೇ ಓಡ್ತಿದ್ದೆ. ಆಗ್ಲೂ ಕಣ್ಣಲ್ಲಿ ನೀರಿರ್ತಿತ್ತು. ಇದು ನಿಜ ಅಂತ ನಂಗೆ ಹೇಗೆ ಗೊತ್ತಾಗ್ಬೇಕಪ್ಪಾ?"

"ನಿಜ ಕಣಮ್ಮಾ. ನಿನ್ನಾಣೆ."

ಗಿರಾಕಿಗಳಿಗೂ ಅವನು ಮಗಳಾಣೆಯನ್ನೇ ಹಾಕುತ್ತಿದ್ದದ್ದು. ಬಸ್ಸು ಬಂತು. ಅವಳು ಹತ್ತಿದಳು.